ರೊಟ್ಟಿ ಬಡಿಯುವ ಕೈಗಳು

ಮನೆಯ ರೊಟ್ಟಿ ಮನೆಯಲ್ಲೇ ಆಗಬೇಕೋ, ಪೇಟೆಯಿಂದ ತಂದರೂ ನಡೆದೀತೋ? ಕಾಳಗಿ, ಸೇಡಂ, ಚಿಂಚೋಳಿ ಕಡೆಯ ಮನೆಗಳಲ್ಲಿ ಈ ಮಾತು ಈಗ ಹೆಣ್ಣು ನೋಡಲು ಹೋದಾಗಲೂ ಬರುತ್ತದೆ. "ಹುಡುಗಿಗಿ ರೊಟ್ಟಿ ಬಡೀಲಾಕ ಬರ್ತದೇನ್ರಿ?" ಎಂದು ಗಂಡಿನ ಕಡೆಯ ಹಿರಿಯರು ಕೇಳುತ್ತಾರೆ. ಹುಡುಗ ಬೆಂಗಳೂರಿನಲ್ಲಿ ಎಂಜಿನಿಯರ್ ಇರಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿರಲಿ, ಊರಲ್ಲೇ ತೊಗರಿ ಬಿತ್ತಿಕೊಂಡಿರಲಿ, ಅವನಿಗೆ ಬರುತ್ತದೆಯೇ ಎಂದು ಹೆಣ್ಣಿನ ಕಡೆಯವರು ತಿರುಗಿ ಕೇಳಿದ್ದನ್ನು ನಾನು ಕಂಡಿಲ್ಲ. ಮನೆಯೋ ಪೇಟೆಯೋ ಎಂಬ ಚರ್ಚೆಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಯಾರೂ ಕೇಳದ ಈ ಪ್ರಶ್ನೆ. ರೊಟ್ಟಿ ಒಬ್ಬಳ ಕೈಯಲ್ಲಷ್ಟೇ ಇದ್ದರೆ ಅದು ಮನೆಯಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಉಳಿಯಲೇಬೇಕು ಎಂದು ಅವಳೊಬ್ಬಳ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ.

ಮೊದಲು ಕೆಲಸವನ್ನೇ ಹತ್ತಿರದಿಂದ ನೋಡೋಣ. ಹಿಟ್ಟು, ನೀರು, ಉಪ್ಪು ಇಷ್ಟೇ ಬೇಕಾಗುವ ಅಡುಗೆ ಎಂದು ಇದನ್ನು ಸುಲಭದ ಲೆಕ್ಕಕ್ಕೆ ಸೇರಿಸುವವರು ಬಹಳ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇರುತ್ತದೆ. ತಣ್ಣೀರಲ್ಲಿ ಕಲಸಿದರೂ ಕೂಡಿಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ, ಲಟ್ಟಣಿಗೆಗೆ ಬಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಎಸರು ಕುದಿಯಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ನೀರು ಹೊಯ್ದಾಗ ಜೋಳದ ಪಿಷ್ಟ ಅರೆಬೆಂದು ಅಂಟಾಗುತ್ತದೆ. ನಮ್ಮವರು ಜಿಗಿ ಎನ್ನುವುದು ಇದನ್ನೇ. ಕೈ ಸುಡುವ ಆ ಬಿಸಿಯಲ್ಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಿಗೆ ಜಿಗಿ ಕಡಿಮೆ. ಅದಕ್ಕೆ ನೀರಿನ ಅಳತೆ ಬೇರೆ, ನಾದುವ ಹೊತ್ತೂ ಬೇರೆ. ಈ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಬೆರಳುಗಳಲ್ಲಿದೆ.

ಬಡಿಯುವಾಗ ಒಂದು ಕೈ ತಟ್ಟುತ್ತಿದ್ದರೆ ಇನ್ನೊಂದು ಕೈ ಅಂಚನ್ನು ಕಾಯುತ್ತಿರುತ್ತದೆ. ತಟ್ಟುವ ಪೆಟ್ಟಿಗೇ ರೊಟ್ಟಿ ಒಣಹಿಟ್ಟಿನ ಮೇಲೆ ಸುತ್ತು ತಿರುಗುತ್ತ ಅಗಲವಾಗುತ್ತದೆ. ಅಂಚು ಬಿರಿಯಿತೋ, ಉಂಡೆಗೆ ಇನ್ನಷ್ಟು ನಾದಬೇಕಿತ್ತು ಎಂದರ್ಥ. ಎರಡೂ ಅಂಗೈಗಳ ಮೇಲೆ ಎತ್ತಿ ಹಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಬದಿ ಮೇಲಿರಬೇಕು. ಅದರ ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಆ ನೀರು ಹಸಿಯಿರುವಾಗಲೇ ಮಗುಚಿದರೆ ರೊಟ್ಟಿ ಹಂಚಿಗೆ ಹಿಡಿಯುತ್ತದೆ, ಪೂರ್ತಿ ಆರಿದ ಮೇಲೆ ಮಗುಚಿದರೆ ಮೈ ಬಿರಿದು ಹಬೆ ಸೋರಿ ಉಬ್ಬುವುದಿಲ್ಲ. ನಡುವಿನ ಆ ಸರಿಯಾದ ಗಳಿಗೆಯನ್ನು ಹಿಡಿಯಬೇಕು. ಅದೇ ಹೊತ್ತಿಗೆ ಮುಂದಿನ ಉಂಡೆ ಕೈಯಲ್ಲಿ ಸಿದ್ಧವಾಗುತ್ತಿರಬೇಕು. ಬೆಂಕಿ ಏರಿಳಿಯದಂತೆಯೂ ನೋಡಿಕೊಳ್ಳಬೇಕು. ಇಷ್ಟನ್ನೂ ಒಟ್ಟಿಗೆ ನಡೆಸುವುದಕ್ಕೆ ವಿದ್ಯೆ ಎನ್ನದೆ ಮತ್ತೇನು ಎನ್ನಬೇಕು? ಹೊರಗೆ ಇಷ್ಟೇ ಕೈಚಳಕ ಬೇಡುವ ಕೆಲಸ ಮಾಡುವವನನ್ನು ನಾವು ಮೇಸ್ತ್ರಿ ಎಂದು ಕರೆಯುತ್ತೇವೆ, ಕೂಲಿಯನ್ನೂ ಹೆಚ್ಚು ಕೊಡುತ್ತೇವೆ.

ಹಾಗಾದರೆ ಈ ವಿದ್ಯೆ ಮನೆಯಲ್ಲಿ ಉಳಿಯಲೇಬೇಕೇ? ಹಿಂದಿನಿಂದ ಬಂದದ್ದು ಎಂಬುದಷ್ಟೇ ಅದಕ್ಕೆ ಕಾರಣವಾಗಲಾರದು. ರೊಟ್ಟಿಯ ಕೆಲಸದ ಅರ್ಧ ಭಾಗ ಈಗಾಗಲೇ ಮನೆ ಬಿಟ್ಟು ಹೋಗಿದೆ. ನಸುಕಿನ ಮೂರಕ್ಕೋ ನಾಲ್ಕಕ್ಕೋ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರ ಹಾಡುಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಕನ್ನಡಕ್ಕೆ ಅದು ದೊಡ್ಡ ಆಸ್ತಿ. ಆಮೇಲೆ ಊರೂರಿಗೆ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡೂ ಕಡಿಮೆಯಾಯಿತು. ಹಾಡಿಗಾಗಿ ಕಲ್ಲು ಮರಳಿ ಬರಲಿ ಎಂದು ಬೀಸಿದ ಯಾವ ಮುದುಕಿಯೂ ಹೇಳಲಾರಳು. ರಟ್ಟೆ ನೋವು ಹೋಯಿತು, ಬೆಳಗಿನ ಜಾವದ ನಿದ್ದೆ ಮರಳಿ ಸಿಕ್ಕಿತು. ಗಿರಣಿ ಮಾಡಿದ ಉಪಕಾರ ದೊಡ್ಡದು. ಯಾವ ಕೆಲಸ ಮನೆಯಿಂದ ಹೊರಗೆ ಹೋಗಬಹುದು, ಯಾವುದು ಹೋದರೆ ನಷ್ಟ ಎಂಬುದನ್ನು ಒಂದೊಂದಾಗಿ ತೂಗಿಯೇ ನೋಡಬೇಕು.

ಖಡಕ್ ರೊಟ್ಟಿಯ ಮಟ್ಟಿಗೆ ನನಗೆ ಅನುಮಾನವಿಲ್ಲ, ಅದು ಪೇಟೆಗೆ ಹೋಗಬಹುದು, ಹೋಗಬೇಕು. ತೆಳ್ಳಗೆ ಬಡಿದು, ನೀರಿನ ಪಸೆ ಪೂರ್ತಿ ಆರುವಂತೆ ಒಣಗಿಸಿದ ರೊಟ್ಟಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ದೂರದೂರಿಗೆ ಕಳಿಸಲು ಬರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ಜಿಲ್ಲಾಡಳಿತದ ನೆರವಿನಿಂದ ಇದನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಲ್ಲಿ ಮಾರಾಟಕ್ಕೆ ತಂದಿದ್ದಾರೆ. 2025ರ ಜೂನ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಈ ಹೆಂಗಸರ ಮಾತೆತ್ತಿ, ಅವರು ದಿನಕ್ಕೆ 3000ಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆಂದು ಹೇಳಿದರು. ನನಗೆ ಇದರಲ್ಲಿ ಮುಖ್ಯವೆನಿಸಿದ್ದು ಬೇರೆ ಸಂಗತಿ. ಅದೇ ಹಿಟ್ಟು, ಅದೇ ಕೈ. ಮನೆಯಲ್ಲಿ ಬಡಿದಾಗ ಅದು ಕರ್ತವ್ಯ, ಸಂಘದಲ್ಲಿ ಬಡಿದಾಗ ದುಡಿಮೆ. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಹಣ ಕಂಡ ಮೇಲೆ ಮನೆಯವರಿಗೂ ಅದು ಕೆಲಸವಾಗಿ ಕಾಣತೊಡಗುತ್ತದೆ.

ದೇಶದ ಲೆಕ್ಕಪತ್ರದ ದೃಷ್ಟಿಯೂ ಇದಕ್ಕಿಂತ ಬೇರೆಯಲ್ಲ. ರಾಷ್ಟ್ರೀಯ ಆದಾಯವನ್ನು ಎಣಿಸಲು ಜಗತ್ತೆಲ್ಲ ಅನುಸರಿಸುವ ವಿಶ್ವಸಂಸ್ಥೆಯ ಪದ್ಧತಿಯಲ್ಲಿ, ಸ್ವಂತ ಮನೆಗಾಗಿ ಕಾಳು ಬೀಸಿ ಹಿಟ್ಟು ಮಾಡುವುದು ಉತ್ಪಾದನೆ. ಆ ಹಿಟ್ಟಿನಿಂದ ಮನೆಯವರಿಗೆ ಅಡುಗೆ ಮಾಡುವುದು ಉತ್ಪಾದನೆ ಅಲ್ಲ. ಬೀಸುವ ಕಲ್ಲಿಗೆ ಕೊಟ್ಟ ಮಾನ್ಯತೆ ಹಂಚಿಗೆ ಇಲ್ಲ. ಎಣಿಕೆಗೆ ಬಾರದ ಕೆಲಸ ಯಾರ ಮೇಲೆ ಬಿದ್ದಿದೆ ಎನ್ನುವುದನ್ನು ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ತೋರಿಸಿದೆ: ಕೂಲಿಯಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸೊಬ್ಬಳು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ, ಅದನ್ನು ಮಾಡುವ ಗಂಡಸು 88 ನಿಮಿಷ. ಏನೂ ಮಾಡದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ. ಕಾಳಗಿ ಸೀಮೆಯಲ್ಲಿ ತೊಗರಿ ಕೊಯ್ಲಿನ ದಿನಗಳಲ್ಲಿ ಹೆಂಗಸರು ಬೆಳಗಿನ ರೊಟ್ಟಿ ಮುಗಿಸಿ, ಬುತ್ತಿ ಕಟ್ಟಿಕೊಂಡು, ಗಂಡನ ಜೊತೆಗೇ ಹೊಲಕ್ಕೆ ಹೋಗುತ್ತಾರೆ. ಸಂಜೆ ಇಬ್ಬರೂ ಒಟ್ಟಿಗೆ ಮರಳುತ್ತಾರೆ. ಅವನು ಕಟ್ಟೆಯ ಮೇಲೆ ಕೂರುತ್ತಾನೆ, ಅವಳು ಎಸರಿಡುತ್ತಾಳೆ.

ಇದನ್ನು ಕಂಡವರು ಕೆಲವರು, ಹಾಗಾದರೆ ಮನೆಯ ಒಲೆಯನ್ನೇ ಆರಿಸಿಬಿಡಿ, ಎಲ್ಲವೂ ಕೊಂಡೇ ತಿನ್ನೋಣ, ಹೆಣ್ಣಿಗೆ ಬಿಡುಗಡೆ ಸಿಗಲಿ ಎನ್ನುತ್ತಾರೆ. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ದಾರಿಯನ್ನು ಒಪ್ಪಲಾರೆ. ಮೆತ್ತನೆಯ ರೊಟ್ಟಿ ಪೇಟೆಗೆ ಒಗ್ಗುವ ವಸ್ತುವಲ್ಲ. ಬಿಸಿಯಲ್ಲಿ ಮೆತ್ತಗಾದ ಪಿಷ್ಟ ಆರುತ್ತ ಹೋದಂತೆ ಬಿಗಿಯುತ್ತದೆ, ಆದ್ದರಿಂದಲೇ ಬೆಳಗಿನ ರೊಟ್ಟಿ ಸಂಜೆಗೆ ಬೇರೆಯೇ ಆಗಿರುತ್ತದೆ. ಹಂಚಿನಿಂದ ತಾಟಿಗೆ ಬಂದು, ಪುಂಡಿಪಲ್ಲೆಯೋ ಶೇಂಗಾ ಹಿಂಡಿಯೋ ಜೊತೆಯಾಗಿ, ಆಗಲೇ ತಿಂದರೆ ಅದರ ರುಚಿ. ಎರಡನೆಯ ಕಾರಣ ಇನ್ನೂ ಗಟ್ಟಿಯದು, ದುಡ್ಡಿನದು. ಕೂಲಿ ಮಾಡುವ ಐದಾರು ಜನರ ಸಂಸಾರ ಎರಡು ಹೊತ್ತೂ ರೊಟ್ಟಿ ಕೊಂಡು ತಿನ್ನಲು ಆದೀತೇ? ಜೋಳ ಮನೆಯಲ್ಲಿದ್ದು ಬಡಿಯುವ ಕೈ ಇಲ್ಲದಿದ್ದರೆ ಆ ಸಂಸಾರ ಅನ್ನದ ಕಡೆಗೆ ತಿರುಗುತ್ತದೆ, ತಿರುಗಿದೆ. 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ನಮ್ಮ ತಾಂಡಾಗಳಲ್ಲಿ, ಕೇರಿಗಳಲ್ಲಿ ಹಸಿವನ್ನು ತಗ್ಗಿಸಿತು. ಅದನ್ನು ಹಳಿಯುವ ಮಾತು ನನ್ನದಲ್ಲ. ಆದರೆ ರೇಷನ್ ಅಕ್ಕಿಯ ಪಕ್ಕದಲ್ಲಿ ರೊಟ್ಟಿಯೂ ಉಳಿಯಬೇಕಾದರೆ ಅದನ್ನು ಬಡಿಯಬಲ್ಲವರು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಇರಬೇಕು. ರೊಟ್ಟಿ ತಗ್ಗಿದರೆ ಹಿಂಗಾರಿಯ ಮಾಲ್ದಂಡಿ ಜೋಳದ ಹೊಲವೂ ತಗ್ಗುತ್ತದೆ, ಹೊಲದ ಜೊತೆ ದನಗಳ ಕಣಿಕೆಯೂ.

ಗುಳೆ ಹೋಗುವ ಹುಡುಗರನ್ನು ನೋಡಿ. ಚಿಂಚೋಳಿ, ಕಾಳಗಿ ಭಾಗದಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿ ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಇರುತ್ತಾರೆ. ಊರಿನಿಂದ ಜೋಳದ ಹಿಟ್ಟು ಒಯ್ಯಬಲ್ಲರು, ಒಯ್ದು ಮಾಡುವುದೇನು? ಅನ್ನ, ಬೇಳೆ, ಇಲ್ಲವೆ ಗಾಡಿಯ ವಡಾಪಾವ್. ಅವ್ವ ಅವರನ್ನು ಪ್ರೀತಿಯಿಂದಲೇ ಅಡುಗೆಮನೆಯಿಂದ ಹೊರಗಿಟ್ಟಳು, "ನೀ ಯಾಕ ಬರ್ತಿ ತಮ್ಮಾ, ನಾ ಮಾಡ್ತೀನಿ" ಎಂದು. ಆ ಪ್ರೀತಿಯ ಬೆಲೆಯನ್ನು ಮಗ ಪರಊರಿನಲ್ಲಿ ತೆರುತ್ತಾನೆ. ಮದುವೆಯಾದ ಮೇಲೆ ಸೊಸೆ ತೆರುತ್ತಾಳೆ.

ಗಂಡಸಿನ ಕೈಗೆ ಹಿಟ್ಟು ಒಗ್ಗುವುದಿಲ್ಲ ಎನ್ನುವ ವಾದವಂತೂ ನಿಲ್ಲುವುದೇ ಇಲ್ಲ. ಯಾವ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬೇಕಾದರೂ ಹೋಗಿ ನೋಡಿ. ಮಿರ್ಚಿ ಭಜಿಗೆ ಕಡ್ಲಿಹಿಟ್ಟು ಕಲಸುವವನು ಗಂಡಸು, ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಸುತ್ತುವವನು ಗಂಡಸು, ಪೂರಿಗೆ ನಾದುವವನೂ ಗಂಡಸೇ. ಹಿಟ್ಟು ಹದವಾಗಿ ಸೌಟಿನಿಂದ ಜಾರುವುದನ್ನು ಅವನು ಕಣ್ಣಳತೆಯಲ್ಲೇ ಹೇಳಬಲ್ಲ. ಪಗಾರ ಸಿಗುವ ಕಡೆ ಕಲಿತ ಕೈ ಮನೆಗೆ ಬಂದೊಡನೆ ಮರೆತುಬಿಡುವುದಕ್ಕೆ ಮೈಯ ಗುಣ ಕಾರಣವಲ್ಲ. ಮನೆಯ ಅಡುಗೆ ಹೆಣ್ಣಿನ ಪಾಲು ಎಂದು ನಾವು ಮಾಡಿಕೊಂಡ ಕಟ್ಟಳೆ ಕಾರಣ.

ಆ ಕಟ್ಟಳೆಯನ್ನು ಪ್ರಶ್ನಿಸಲು ನಾವು ಬಹುದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮ ಎಂಬಾಕೆ ಇದ್ದಳು. ಕೊಟ್ಟಣ ಕುಟ್ಟುವುದು ಅವಳ ಕಾಯಕ, ಅದೇ ಅವಳ ಹೆಸರಾಯಿತು. ಒನಕೆಯ ಕೆಲಸವನ್ನು ಕಾಯಕವೆಂದು ಎಣಿಸಿದ ನಾಡು ಹಂಚಿನ ಮುಂದಿನ ಕೆಲಸವನ್ನು ಏಕೆ ಎಣಿಸಬಾರದು? ಕಾಯಕವೆಂದು ಒಪ್ಪಿದ ಮೇಲೆ ಅದು ಗಂಡು ಹೆಣ್ಣೆನ್ನದೆ ಎಲ್ಲರ ಮೇಲೂ ಬೀಳುತ್ತದೆ. ಕೂಡಿ ಮಾಡುವ ರೂಢಿಯೂ ನಮಗೆ ಹೊಸದಲ್ಲ. ಎಳ್ಳಮವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಓಣಿಯ ಹೆಂಗಸರು ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಮುಯ್ಯಿಯಲ್ಲಿ ಬಡಿದು ಮುಗಿಸುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಗಾಡಿಗಳಲ್ಲಿ ಬಂದು ಮಹಾದಾಸೋಹಕ್ಕೆ ಸೇರುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿ ರೊಟ್ಟಿ ಜಾತ್ರೆಯೇ ನಡೆಯುತ್ತದೆ, ಜಾತಿ ನೋಡದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಉಣ್ಣುವಾಗ ಇಷ್ಟು ದೂರ ಬಂದಿದ್ದೇವೆ. ಬಡಿಯುವಾಗ ಮಾತ್ರ ಹಿಂದೆಯೇ ಉಳಿದಿದ್ದೇವೆ ಎಂಬುದು ನನ್ನ ನಿಜವಾದ ಅಳಲು.

ಹೊಸಬನ ಮೊದಲ ರೊಟ್ಟಿಗಳು ಒಡೆಯುತ್ತವೆ, ಹಿಟ್ಟು ಹಾಳಾಗುತ್ತದೆ, ಹೊತ್ತಾಗುತ್ತದೆ. ಅದಕ್ಕಿಂತ ತಾನೇ ಮಾಡಿ ಮುಗಿಸುವುದು ಮೇಲು ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. ಅದು ಸುಳ್ಳಲ್ಲ. ಒಡೆದ ರೊಟ್ಟಿಗೂ ನಮ್ಮಲ್ಲಿ ಒಂದು ದಾರಿಯಿದೆ: ಬಿಸಿಯಿರುವಾಗಲೇ ಬೆಳ್ಳುಳ್ಳಿ, ಖಾರ, ಉಪ್ಪು, ಒಂದಿಷ್ಟು ಎಣ್ಣೆ ಹಾಕಿ ಕುಟ್ಟಿ ಮುಟಗಿ ಕಟ್ಟಿದರೆ ಮಕ್ಕಳು ಜಗಳಾಡಿ ತಿನ್ನುತ್ತಾರೆ. ಜೋಳದ ಹಿಟ್ಟಿಗೆ ಕಡ್ಲಿಹಿಟ್ಟು, ಗೋಧಿಹಿಟ್ಟು ಬೆರೆಸಿ ಮಾಡುವ ಧಪಾಟಿ ಇನ್ನೂ ಸಲೀಸು. ಗೋಧಿಯ ಜಿಗಿ ಹೊಸ ಕೈಯ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಕಲಿಕೆಯನ್ನು ಧಪಾಟಿಯಿಂದ ಶುರುಮಾಡಿ, ಆಮೇಲೆ ಉಳಿದ ಹಿಟ್ಟಿನ ಮರಿ ರೊಟ್ಟಿಗೆ, ಅಲ್ಲಿಂದ ದೊಡ್ಡ ರೊಟ್ಟಿಗೆ ಏರಬಹುದು. ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಪಿಯುಸಿ ಓದುವ ಹುಡುಗರಿಗೆ ಭಾನುವಾರ ಒಂದು ಹೊತ್ತು ಇದನ್ನು ಕಲಿಸಬಹುದು. ಕಲಿಸಲು ಅಲ್ಲಿಯ ಅಡುಗೆಯ ಅಕ್ಕಂದಿರೇ ಇದ್ದಾರೆ, ಅದಕ್ಕಾಗಿ ಅವರಿಗೆ ಬೇರೆ ಸಂಭಾವನೆ ಕೊಡಬೇಕು. ಮನೆಗಳಲ್ಲಾದರೆ ಶಿವರಾತ್ರಿಯ ಆಸುಪಾಸು ಒಳ್ಳೆಯ ಕಾಲ. ಹಿಂಗಾರಿಯ ಹೊಸ ಜೋಳ ಗಿರಣಿಗೆ ಬಂದಿರುತ್ತದೆ, ಹಿಟ್ಟಿಗೆ ಜಿಗಿ ಚೆನ್ನಾಗಿರುತ್ತದೆ, ಹಂಚಿನ ಮುಂದೆ ಕೂರಲಾರದಷ್ಟು ಬಿಸಿಲು ಇನ್ನೂ ಏರಿರುವುದಿಲ್ಲ. ಗಂಡಸು ನಾದಿ ಉಂಡೆ ಕಟ್ಟಿಕೊಟ್ಟರೂ ಮೊದಲ ವರ್ಷಕ್ಕೆ ಅದು ಸಾಕಷ್ಟು ಕೆಲಸ. ರಟ್ಟೆಗೆ ಹೆಚ್ಚು ಭಾರ ಬೀಳುವುದು ನಾದುವುದರಲ್ಲೇ.