ಪತ್ರ ನೋಡಿದ್ರಿ, ಗೋಡೆ ನೋಡಿದ್ರಾ? (ಭಾಗ 4)

ಮನೆ ತಗೊಳ್ಳೋವಾಗ ನಮ್ಮವರು ಇ.ಸಿ. ತೆಗೆಸ್ತಾರೆ, ಖಾತೆ ನೋಡ್ತಾರೆ, ವಕೀಲರಿಂದ ಲೀಗಲ್ ಒಪೀನಿಯನ್ ತಗೋತಾರೆ. ಗೋಡೆ, ತಾರಸಿ, ಬೋರ್‌ವೆಲ್ ನೀರು? ಹತ್ತು ನಿಮಿಷ ಸುತ್ತಾಡಿ, ವಾಸ್ತು ನೋಡಿ, ಅಡ್ವಾನ್ಸ್ ಕೊಟ್ಟುಬಿಡ್ತಾರೆ.

ಬಿಸಿನೆಸ್ ಲಾ ಕ್ಲಾಸಲ್ಲಿ "ಕೊಳ್ಳುವವನೇ ಎಚ್ಚರವಾಗಿರಬೇಕು" ಅಂತ ಓದಿದ್ವಲ್ಲ? ಮನೆಗೂ ಹೆಚ್ಚುಕಮ್ಮಿ ಅದೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತಮಗೆ ಗೊತ್ತಿದ್ದು, ನಾವು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣದ ದೊಡ್ಡ ದೋಷವನ್ನ ಮಾರುವವರು ಹೇಳಬೇಕು. ನೋಡಿದ್ರೆ ಕಾಣ್ತಿದ್ದ ಬಿರುಕು? ಅದು ನಮ್ಮ ತಲೆಗೇ.

"ರೇರಾ ಇದೆಯಲ್ಲ" ಅಂತೀರಾ. 2016ರ ಆ ಕಾಯ್ದೇಲಿ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದ್ರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡ್ಬೇಕು. ಪಕ್ಕದ ಬೀದೀಲಿ ತಮ್ಮ ಹಳೇ ಮನೆ ಮಾರೋ ಅಂಕಲ್‌ಗೆ ಅದು ಅನ್ವಯಿಸಲ್ಲ.

ಅದಕ್ಕೇ ಸೇಲ್ ಅಗ್ರಿಮೆಂಟಲ್ಲೇ ಷರತ್ತು ಬರೆಸಬೇಕು ಅನ್ನೋದು ನನ್ನ ವಾದ: 15 ದಿನದೊಳಗೆ ನಮ್ಮ ಸಿವಿಲ್ ಇಂಜಿನಿಯರ್ ಮನೆ ಪರೀಕ್ಷಿಸಬಹುದು, ನೀರು ಲ್ಯಾಬಿಗೆ ಕೊಡಬಹುದು. ದೊಡ್ಡ ದೋಷ ಸಿಕ್ಕರೆ ದರ ಇಳಿಸಬೇಕು, ಇಲ್ಲಾಂದ್ರೆ ಅಡ್ವಾನ್ಸ್ ಪೂರ್ತಿ ವಾಪಸ್. ಪರೀಕ್ಷೆ ಖರ್ಚು ನಮ್ದು, ಅದ್ರಲ್ಲಿ ಏನಾದ್ರೂ ಒಡೆದ್ರೆ ರಿಪೇರಿನೂ ನಮ್ದೇ.

"ಹಿಂಗೆಲ್ಲಾ ಕೇಳಿದ್ರೆ ಬೇರೆಯವರಿಗೆ ಮಾರ್ತಾರೆ" ಅಂತಾರೆ ದೊಡ್ಡವರು. ಮಾರಬಹುದು. ಆದ್ರೆ 20 ವರ್ಷ ಇಎಂಐ ಕಟ್ಟೋರು 15 ದಿನ ಕೇಳೋದು ಜಾಸ್ತಿನಾ? ಅಷ್ಟಕ್ಕೂ ಒಪ್ಪಲ್ಲ ಅಂದ್ರೆ ಯಾಕೆ ಅಂತ ನಾವೇ ಯೋಚಿಸ್ಬೇಕು.

ಮನೇಲಿ ಈ ಮಾತು ನಡೀತಿದ್ರೆ, ಟೋಕನ್ ಕೊಡೋಕ್ ಮುಂಚೆ ಇದನ್ನ ಅಪ್ಪ-ಅಮ್ಮಂಗೆ ಓದಿ ಹೇಳಿ.