ಕರಾವಳಿಯ ಸೆಕೆ ಮತ್ತು ನೆಲದ ತಂಪು

ಮಹಾಶಿವರಾತ್ರಿಯ ಮುನ್ನಾದಿನಗಳಲ್ಲಿ ಘಟ್ಟದ ಮೇಲಿನ ಜಿಲ್ಲೆಗಳಿಂದ ಸಾವಿರಾರು ಭಕ್ತರು ಚಾರ್ಮಾಡಿ ಘಾಟಿಯನ್ನಿಳಿದು ಶ್ರೀಕ್ಷೇತ್ರ ಧರ್ಮಸ್ಥಳಕ್ಕೆ ಪಾದಯಾತ್ರೆ ಕೈಗೊಳ್ಳುವುದು ಸರ್ವವಿದಿತ. ಕೊಟ್ಟಿಗೆಹಾರದವರೆಗೆ ಹಿತವಾಗಿದ್ದ ಗಾಳಿ ಘಾಟಿಯ ತಿರುವುಗಳನ್ನು ಇಳಿದಂತೆಲ್ಲ ಭಾರವಾಗುತ್ತದೆ. ಬೆಳ್ತಂಗಡಿ ತಾಲೂಕಿನ ನೆಲ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ನಡೆದು ದಣಿದ ಭಕ್ತರಿಗೆ ದಾರಿಯುದ್ದಕ್ಕೂ ಸ್ಥಳೀಯರು ಮಜ್ಜಿಗೆ, ಪಾನಕ, ಬಚ್ಚಂಗಾಯಿಯ ಹೋಳುಗಳನ್ನು ಹಿಡಿದು ನಿಂತಿರುತ್ತಾರೆ. ಕಲ್ಲಂಗಡಿಗೆ ಇಲ್ಲಿ ಬಚ್ಚಂಗಾಯಿಯೆಂದೇ ಹೆಸರು. ಕುಡಿದವರು ಧನ್ಯತೆಯಿಂದ ಮುಂದೆ ಸಾಗುತ್ತಾರೆ. ಆದರೆ ಆ ಒಂದು ಲೋಟ ತಂಪು ಎಲ್ಲಿಂದ ಬಂತು, ಅದನ್ನು ಯಾರು ಕಾಯ್ದಿಟ್ಟಿದ್ದರು ಎಂಬ ಪ್ರಶ್ನೆ ಬಾಯಾರಿದವನಿಗೆ ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ. ದಾಸೋಹವನ್ನು ಬಾಳಿನ ತತ್ತ್ವವೆಂದು ನಂಬಿದವರಾದರೂ ನೆರಳಿಗೆ ಬಂದ ಮೇಲೆ ಅದನ್ನು ಕೇಳಿಕೊಳ್ಳಬೇಕಾಗುತ್ತದೆ.

ಕಲಬುರಗಿ, ರಾಯಚೂರುಗಳ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಬಂಟ್ವಾಳದ ಬೇಸಗೆ ಸಾಮಾನ್ಯವಾಗಿ 35ರ ಆಸುಪಾಸಿನಲ್ಲಿ ಸುಳಿದಾಡುತ್ತದೆ. ಹಾಗಿದ್ದೂ ಬಯಲುಸೀಮೆಯಿಂದ ಬಂದವರು ಇಲ್ಲಿನ ಸೆಕೆಗೆ ಸೋಲುತ್ತಾರೆ. ಒಣಗಾಳಿಯಲ್ಲಿ ಬೆವರು ಆರುತ್ತದೆ, ಆರುವಾಗ ಮೈಯ ಬಿಸಿಯನ್ನು ಕೊಂಡೊಯ್ಯುತ್ತದೆ. ಕಡಲ ತೇವವನ್ನು ಹೊತ್ತ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಮೈಮೇಲೆಯೇ ಹರಿಯುತ್ತದೆ. ಮಣ್ಣಿನ ಹೂಜಿಯ ಗುಟ್ಟೂ ಇದೇ. ವಿಜಯಪುರದ ಮನೆಯ ಮೂಲೆಯಲ್ಲಿ ಹಿಮದಂತೆ ತಣ್ಣಗಾಗುವ ಹೂಜಿಯ ನೀರು ಬಂಟ್ವಾಳದ ಪಡಸಾಲೆಯಲ್ಲಿ ಅರೆತಂಪಿಗೇ ನಿಂತುಬಿಡುತ್ತದೆ. ಕುಂಬಾರನ ತಪ್ಪೇನೂ ಅದರಲ್ಲಿಲ್ಲ. ಒದ್ದೆ ಬಟ್ಟೆಯನ್ನು ಕಿಟಕಿಗೆ ಕಟ್ಟುವ ಉಪಾಯವೂ ಇಲ್ಲಿ ಸೆಕೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಆದುದರಿಂದ ಈ ಸೀಮೆಯ ಜನ ತಂಪನ್ನು ಗಾಳಿಯಲ್ಲಿ ಹುಡುಕದೆ ನೆಲದಲ್ಲಿ ಹುಡುಕಿದರು.

ನೆಲದ ಒಳಗೆ ಕೆಲವು ಮಾರು ಇಳಿದರೆ ಹಗಲಿನ ಕಾವೂ ಇರುಳಿನ ಚಳಿಯೂ ತಲುಪುವುದಿಲ್ಲ. ಅಲ್ಲಿ ವರ್ಷದ ಸರಾಸರಿ ಉಷ್ಣಾಂಶ ಸ್ಥಿರವಾಗಿ ನಿಂತಿರುತ್ತದೆ. ಮುರಕಲ್ಲನ್ನು ಕಡಿದು ಇಳಿಸಿದ ಬಾವಿಯಿಂದ ಏಪ್ರಿಲ್ ತಿಂಗಳ ಮಧ್ಯಾಹ್ನ ಸೇದಿದ ನೀರು ತಣ್ಣಗಿದ್ದು, ಡಿಸೆಂಬರ್ ತಿಂಗಳ ಮುಂಜಾನೆ ಅದೇ ನೀರು ಬೆಚ್ಚಗೆನಿಸುವುದು ಇದೇ ಕಾರಣಕ್ಕೆ. ಬಾವಿಯಂತೆ ಕೆಳಕ್ಕೆ ಇಳಿಯದೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದುಕೊಂಡು ಹೋದರೆ ಅದು ಸುರಂಗವಾಗುತ್ತದೆ. ಬಂಟ್ವಾಳ ತಾಲೂಕಿನ ಮಾಣಿಲ ಗ್ರಾಮ ಇಂತಹ ಸುರಂಗಗಳಿಗೆ ಹೆಸರಾದುದು. ಗಡಿಯಾಚೆಯ ಕಾಸರಗೋಡಿನ ಹಳ್ಳಿಗಳಲ್ಲೂ ಇವು ಬಹಳವಿವೆ. ಒಬ್ಬ ಮನುಷ್ಯ ಬೆನ್ನು ಬಾಗಿಸಿ ನಿಲ್ಲುವಷ್ಟು ಎತ್ತರದ ಈ ಕೊರೆತದಲ್ಲಿ ಮುರಕಲ್ಲಿನ ಸಂದುಗಳಿಂದ ಜಿನುಗಿದ ನೀರು ತನ್ನಷ್ಟಕ್ಕೆ ಹೊರಗೆ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ. ಅದಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ.

ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ಇಲ್ಲಿ ಸ್ಮರಿಸದೆ ಮುಂದುವರಿಯುವುದು ಸಾಧುವಲ್ಲ. ಅವರು ಅನ್ಯರ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರು. ಅವರ ಪಾಲಿಗೆ ಬಂದದ್ದು ನೀರಿನ ಪಸೆಯಿಲ್ಲದ ಗುಡ್ಡದ ಇಳಿಜಾರು. ಹಗಲಿನ ಕೂಲಿ ಮುಗಿಸಿ ಬಂದು, ಒಬ್ಬರೇ, ದೀಪದ ಬೆಳಕಿನಲ್ಲಿ ಗುಡ್ಡವನ್ನು ಕೊರೆದರು. ಮೊದಲು ಕೊರೆದ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಒಂದು ಒಣಗಿತೆಂದು ಕೈಬಿಟ್ಟು ಮತ್ತೊಂದಕ್ಕೆ, ಅದೂ ಒಣಗಿತೆಂದು ಇನ್ನೊಂದಕ್ಕೆ, ಹೀಗೆ ವರ್ಷಗಳು ಕಳೆದವು. ಕಂಡವರು ನಕ್ಕರೆಂದು ಹೇಳುವುದುಂಟು. ಕೊನೆಗೆ ನೀರು ಬಂದಿತು, ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ ಎದ್ದವು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಕಾಯಕವೆಂಬ ಪದವನ್ನು ವೇದಿಕೆಯ ಮೇಲೆ ಎಷ್ಟು ಬಾರಿ ಉಚ್ಚರಿಸಿದರೂ ಆ ಸುರಂಗದ ಬಾಯಲ್ಲಿ ಒಂದು ಬೊಗಸೆ ನೀರು ಕುಡಿದಷ್ಟು ಅದು ಅರ್ಥವಾಗುವುದಿಲ್ಲ. ಅಲ್ಲಿ ಬೊಗಸೆಯಲ್ಲಿರುವುದು ಬರೀ ನೀರಲ್ಲ, ಒಬ್ಬ ಕೂಲಿಯವನ ವರ್ಷಾನುಗಟ್ಟಲೆಯ ಸಂಜೆಗಳು.

ಇನ್ನು ಪಾನೀಯಗಳ ವಿಚಾರ. ತುಳುನಾಡಿನ ಹಳೆಯ ಮನೆಗಳಲ್ಲಿ ಬಂದವರ ಮುಂದೆ ಮೊದಲು ಇಡುತ್ತಿದ್ದುದು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಬಂದ ಕೆಲಸವೇನೆಂದು ವಿಚಾರಿಸುವುದು ಆಮೇಲೆ. ಮನೆಗೆ ಬಂದವರನ್ನು ಆದರಿಸಿ ಮಾತಾಡಿಸದ ನಡತೆಯನ್ನು ಬಸವಣ್ಣನವರು ಎಷ್ಟು ಕಟುವಾಗಿ ಆಕ್ಷೇಪಿಸಿದ್ದಾರೆಂದು ಬಲ್ಲವರಿಗೆ ಈ ಚೆಂಬಿನ ಬೆಲೆಯೂ ತಿಳಿದೀತು. ಬೆವರಿನಲ್ಲಿ ಬಸಿದುಹೋದ ಮೈಗೆ ಬೆಲ್ಲ ಒಡನೆ ಕಸುವು ಕೊಡುತ್ತದೆ, ನೀರು ಮೆಲ್ಲಗೆ ತಂಪು ಕೊಡುತ್ತದೆ. ಈಚೆಗೆ ಇದರ ಸ್ಥಾನವನ್ನು ಬಿಸಿ ಚಹಾ ಅಥವಾ ಬಣ್ಣದ ಬಾಟಲಿ ಆಕ್ರಮಿಸಿಕೊಂಡಿದೆ. ಚಹಾದ ಮೇಲೆ ದ್ವೇಷ ಬೇಕಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಕೊಡುವುದು ಸತ್ಕಾರವೇ ಎಂಬುದು ಕೇಳತಕ್ಕ ಪ್ರಶ್ನೆ.

ಪುನರ್ಪುಳಿಯ ಮಾತು ಬೇರೆ. ಬೇಸಗೆಯ ಕಡೆಯ ದಿನಗಳಲ್ಲಿ ಹಣ್ಣಾಗುವ ಈ ಕಡುಗೆಂಪು ಕಾಯಿಯ ಸಿಪ್ಪೆಯನ್ನು ಬಿಡಿಸಿ ಅದೇ ಬಿಸಿಲಿಗೆ ಒಣಹಾಕುತ್ತಾರೆ. ಸುಡುವ ಬಿಸಿಲೇ ಮುಂದಿನ ವರ್ಷದ ತಂಪನ್ನು ಒಣಗಿಸಿ ಡಬ್ಬಿಗೆ ತುಂಬಿಸಿಕೊಡುತ್ತದೆ. ಹಸಿ ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟರೆ ಕೆಲದಿನಗಳಲ್ಲಿ ಕೆಂಪು ರಸ ಇಳಿಯುತ್ತದೆ. ಅದಕ್ಕೆ ನೀರು ಬೆರೆಸಿದರೆ ಶರಬತ್ತು. ಒಣ ಸಿಪ್ಪೆಯನ್ನು ನೆನೆಸಿ, ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಒಗ್ಗರಣೆ ಕೊಟ್ಟರೆ ಸಾರು. ಊಟದ ಕೊನೆಗೆ ಅದನ್ನು ಲೋಟದಲ್ಲಿ ಕುಡಿಯುವುದೇ ಸರಿಯಾದ ಕ್ರಮವೆಂದು ಇಲ್ಲಿನವರ ಅಭಿಪ್ರಾಯ. ಅದರಲ್ಲಿ ಎರಡು ಮಾತಿಲ್ಲ. ಒಂದೆಲಗವನ್ನು ತೆಂಗಿನತುರಿ, ಜೀರಿಗೆಗಳೊಂದಿಗೆ ಅರೆದು ಮಜ್ಜಿಗೆಯಲ್ಲಿ ಕಲಸಿದ ತಂಬುಳಿಗೆ ಒಲೆಯ ಹಂಗೇ ಇಲ್ಲ. ಸೆಕೆಯ ದಿನ ಅಡುಗೆಮನೆಯಲ್ಲಿ ನಿಲ್ಲುವವರ ಕಷ್ಟ ಬಲ್ಲವರು ಯಾರೋ ಇದನ್ನು ಕಂಡುಹಿಡಿದಿರಬೇಕು. ಕುಚ್ಚಲಕ್ಕಿ ಗಂಜಿ, ರಾಗಿ ಮಣ್ಣಿ, ಎಳನೀರು, ತಾಟಿನಿಂಗು ಮುಂತಾದವು ಎಲ್ಲರಿಗೂ ಪರಿಚಿತ. ಎಳನೀರಿಗೆ ಇಲ್ಲಿ ಬೊಂಡವೆಂದು ಹೆಸರು. ಬೆಂಗಳೂರಿನಿಂದ ಬಂದವರು ಬೊಂಡವೆಂದೊಡನೆ ಕರಿದ ತಿಂಡಿಯನ್ನು ನಿರೀಕ್ಷಿಸಿ ನಗೆಪಾಟಲಾಗುವುದೂ ಉಂಟು.

ಮೂಡುಬಿದಿರೆಯಲ್ಲಿ ತಂಪಿಗೆ ಕಲ್ಲಿನ ರೂಪವಿದೆ. 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳು ಮಳೆಗಾಗಿ ರಚಿತವಾದುವೆಂದು ಎಲ್ಲರೂ ಹೇಳುತ್ತಾರೆ. ಬಿಸಿಲಿನ ದಿನ ಹೋದವರಿಗೆ ಅವುಗಳ ಇನ್ನೊಂದು ಉಪಯೋಗ ತಿಳಿಯುತ್ತದೆ. ಹೊರಚಾಚಿದ ಮಾಡಿನ ಅಡಿಯಲ್ಲಿ ಗೋಡೆಗೆ ಬಿಸಿಲು ತಾಗದು, ಕಂಬಗಳ ನಡುವೆ ಕಲ್ಲಿನ ನೆಲ ಮಧ್ಯಾಹ್ನದಲ್ಲೂ ಅಂಗಾಲಿಗೆ ತಣ್ಣಗೆ ಸಿಗುತ್ತದೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನಗಳೊಂದಿಗೆ ಹದಿನೆಂಟು ಕೆರೆಗಳನ್ನೂ ಊರಿನ ಹಳಬರು ಒಂದೇ ಉಸಿರಿನಲ್ಲಿ ಎಣಿಸುತ್ತಾರೆ. ದೇವರಿಗೆ ಎಷ್ಟು ಮನೆಯೋ ನೀರಿಗೂ ಅಷ್ಟೇ ಮನೆಯೆಂಬ ಆ ಲೆಕ್ಕಾಚಾರ ಮೆಚ್ಚತಕ್ಕದ್ದು. ಭರತೇಶ ವೈಭವವನ್ನು ರಚಿಸಿದ ರತ್ನಾಕರವರ್ಣಿ ಈ ಊರಿನವನು. ಅವನು ಕೆಲಕಾಲ ವೀರಶೈವನಾಗಿದ್ದು ಮರಳಿ ಜೈನನಾದನೆಂಬ ಐತಿಹ್ಯವೂ ಉಂಟು. ಅದು ಈ ಲೇಖನದ ವಿಷಯವಲ್ಲ, ಬಸದಿಯ ನೆರಳಿನಲ್ಲಿ ಕುಳಿತಾಗ ನೆನಪಾಗುವ ಮಾತು.

ಹಿಂದೆ ಮನೆಗಳಿಗೂ ಇದೇ ನೀತಿಯಿತ್ತು. ಮುರಕಲ್ಲಿನ ದಪ್ಪ ಗೋಡೆ, ಮುಳಿಹುಲ್ಲಿನ ಅಥವಾ ಹೆಂಚಿನ ಮಾಡು, ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲುಮಾಡು ಕ್ರಮೇಣ ಹಿಂದೆ ಸರಿಯಿತು. ಆದರೂ ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು. ಈಗ ಹೆಂಚನ್ನು ಕಳಚಿ ಕಾಂಕ್ರೀಟಿನ ತಾರಸಿ ಹಾಕುವುದೇ ಅಭ್ಯುದಯದ ಗುರುತಾಗಿದೆ. ಆ ತಾರಸಿ ಹಗಲಿಡೀ ಬಿಸಿಲನ್ನು ನುಂಗಿ ಇರುಳಿಡೀ ಮಲಗಿದವರ ಮೇಲೆ ಕಾರುತ್ತದೆ. ಅದರ ಪರಿಹಾರಕ್ಕೆ ಹವಾನಿಯಂತ್ರಕ, ಅದು ಹೊರಹಾಕಿದ ಬಿಸಿ ನೆರೆಮನೆಯ ಕಿಟಕಿಗೆ. ಮುದುಕರಿಗೆ, ರೋಗಿಗಳಿಗೆ, ಹಸುಗೂಸುಗಳಿಗೆ ಯಂತ್ರ ಬೇಕಾದೀತು, ಅದನ್ನು ಆಕ್ಷೇಪಿಸುವುದು ನಿರ್ದಯತೆ. ಉಳಿದವರಿಗೆ ಅಡಿಕೆ ಹಾಳೆಯ ಬೀಸಣಿಗೆ ಇನ್ನೂ ಕೆಲಸ ಮಾಡುತ್ತದೆ. ತೋಟದಲ್ಲಿ ದುಡಿಯುವವನ ತಲೆಯ ಮೇಲಿನ ಮುಟ್ಟಾಳೆಯೂ ಅದೇ ಹಾಳೆಯಿಂದ ಆದುದು. ಉದುರಿದ ಹಾಳೆಗೆ ಯಾರ ಅಪ್ಪಣೆಯೂ ಬೇಡ, ಬೆಲೆಯೂ ಇಲ್ಲ. ಸಂಜೆ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ತಿರುಗಿಸಿದಾಗ ಅದರಡಿಯಲ್ಲಿ ಓಡುವ ಮಕ್ಕಳಿಗಂತೂ ಬೇರೆ ಉಪಾಯವೇ ಬೇಕಿಲ್ಲ.

ಇರುಳಿನ ಸೆಕೆಗೆ ಈ ಸೀಮೆಯ ಉತ್ತರ ಯಕ್ಷಗಾನವಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಮನೆಯೊಳಗೆ ನಿದ್ದೆ ಬಾರದ ಇರುಳುಗಳಲ್ಲಿ ಊರಿಗೆ ಊರೇ ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ ಬಯಲಾಟ ನೋಡುತ್ತ ಬೆಳಗು ಮಾಡುತ್ತಿತ್ತು. ಮಧ್ಯರಾತ್ರಿಯ ನಂತರ ಬೀಸುವ ತಂಗಾಳಿ ಮೇಳದವರ ಪುಣ್ಯವೆಂದೇ ಪ್ರೇಕ್ಷಕರು ತಿಳಿದಿದ್ದರು. ಈಗ ಆಟಗಳು ಕಾಲಮಿತಿಗೆ ಒಳಪಟ್ಟು ಆ ಗಾಳಿ ಬೀಸುವ ಮೊದಲೇ ಮುಗಿಯುವುದುಂಟು.

ಎಲ್ಲಕ್ಕಿಂತ ಪ್ರಿಯವಾದುದು ಹೊಳೆಯ ಸ್ನಾನ. ತೀರ್ಥದಲ್ಲಿ ಮುಳುಗಿದ ಮಾತ್ರಕ್ಕೆ ಮನುಷ್ಯ ಪಾವನನಾಗುತ್ತಾನೆಂಬ ನಂಬಿಕೆಯನ್ನು ಶರಣರು ನಿಷ್ಠುರವಾಗಿ ಖಂಡಿಸಿದರು. ಅದನ್ನೇ ಮುಂದೊಡ್ಡಿ ಹೊಳೆಗಿಳಿಯಲು ಹಿಂಜರಿಯುವ ಭಕ್ತರೂ ಇದ್ದಾರೆ. ಶರಣರ ಆಕ್ಷೇಪವಿದ್ದುದು ಮುಳುಗನ್ನು ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುವುದರ ಬಗ್ಗೆ. ಬೆಂದ ಮೈಯನ್ನು ನೇತ್ರಾವತಿಯಲ್ಲಿ ತಣಿಸಿಕೊಳ್ಳಬೇಡಿರೆಂದು ಅವರು ಹೇಳಿಲ್ಲ. ಹೊಳೆಯನ್ನು ಹೊಳೆಯೆಂದೇ ಕಂಡು ಇಳಿದವನು ಅದನ್ನು ಕೆಡಿಸಲಾರ. ಪಾಪ ಕಳೆಯಿತೆಂದು ಉಟ್ಟ ಬಟ್ಟೆಯನ್ನು ಸ್ನಾನಘಟ್ಟದ ನೀರಿನಲ್ಲೇ ಬಿಟ್ಟುಹೋಗುವವರು, ಸೋಪು ಶಾಂಪೂಗಳ ಪೊಟ್ಟಣಗಳನ್ನು ಹರಿಯಬಿಡುವವರು, ಮುಳುಗಿದ್ದು ನಿಜವೇ ಆದರೂ ತಂಪನ್ನು ಪಡೆದರೆಂದು ಹೇಳಲಾಗದು. ಕೆಳಗಿನ ಊರುಗಳಿಗೆ ಅದೇ ಕುಡಿಯುವ ನೀರು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳವನ್ನು ಹಾಯ್ದ ನೇತ್ರಾವತಿ ತುಂಬೆಯ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಮಂಗಳೂರು ನಗರದ ನಲ್ಲಿಗಳಿಗೆ ಹೋಗುತ್ತದೆ. ಹೊಳೆಯ ಗುಂಡಿಗಳ ಆಳ ಹೊರಗಿನವರಿಗೆ ತಿಳಿಯದು. ಪ್ರತಿ ಬೇಸಗೆಯೂ ಯುವಕರು ಜೀವ ಕಳೆದುಕೊಳ್ಳುತ್ತಾರೆ. ಸ್ಥಳೀಯರು ಬೇಡವೆಂದ ಕಡೆ ಇಳಿಯದಿರುವುದು ಲೇಸು.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ನೀರಿಗೆ ಬರವೆಂದರೆ ಬಯಲುಸೀಮೆಯವರು ನಂಬಲಿಕ್ಕಿಲ್ಲ. ಆದರೆ 2016ರಲ್ಲಿ ಮಂಗಳೂರು ನೀರಿಗಾಗಿ ಪರದಾಡಿತು. 2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿದಾಗ, ಭಕ್ತರು ತಮ್ಮ ಯಾತ್ರೆಯನ್ನು ಕೆಲದಿನ ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿಗಳೇ ವಿನಂತಿಸಬೇಕಾಯಿತು. ನಿತ್ಯ ಅನ್ನದಾಸೋಹ ನಡೆಯುವ ಕ್ಷೇತ್ರವು ಬರಬೇಡಿರೆಂದು ಹೇಳಬೇಕಾಗಿ ಬಂದ ಆ ದಿನವನ್ನು ಭಕ್ತಸಮೂಹ ಮರೆತಂತಿದೆ. ಮಳೆಗಾಲದ ನೀರು ಇಳಿಜಾರಿನಲ್ಲಿ ಓಡಿ ಕಡಲು ಸೇರುತ್ತದೆ. ಹಿಡಿದು ನಿಲ್ಲಿಸುವವರಿದ್ದರೆ ಮಾತ್ರ ಅದು ನೆಲದೊಳಗೆ ಇಳಿದೀತು. ಆ ಕೆಲಸಕ್ಕೆಂದೇ ಈ ಸೀಮೆಯ ಕೃಷಿಕರು ಮಳೆ ನಿಂತ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳ ಕಟ್ಟಗಳನ್ನು ಕೂಡಿ ಕಟ್ಟುತ್ತಿದ್ದರು. ಮೇಲಿನ ತೋಟದವನ ಕಟ್ಟದಿಂದ ಕೆಳಗಿನವನ ಬಾವಿಯಲ್ಲಿ ನೀರು ನಿಲ್ಲುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಕೂಡಿ ಕಟ್ಟುವವರು ಕಡಿಮೆಯಾದರು. ಒಬ್ಬೊಬ್ಬನೂ ತನ್ನ ತಂಪನ್ನು ತಾನೇ ಆಳದಿಂದ ಎಳೆದುಕೊಳ್ಳತೊಡಗಿದನು. ಕರಾವಳಿಯ ಬೇಸಗೆಯ ನಿಜವಾದ ಕೇಡು ಇದು, ಪಾದರಸದ ಏರಿಕೆಯಲ್ಲ.

ಘಟ್ಟವಿಳಿದು ಬರುವ ಭಕ್ತರು ತಮ್ಮೂರಿನಲ್ಲಿ ಅರವಟ್ಟಿಗೆ ಇಡುವವರೇ. ಆ ಅರವಟ್ಟಿಗೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಲೋಟದ ರಾಶಿ ಬೀಳದಂತೆ, ಹರಿವೆಯ ನೀರು ಚರಂಡಿಗೆ ಹೋಗದೆ ಗಿಡದ ಬುಡಕ್ಕೆ ಹೋಗುವಂತೆ ನೋಡಿಕೊಂಡರೆ ದಾಸೋಹ ಪೂರ್ಣವಾದೀತು. ಇಲ್ಲಿಗೆ ಬರುವಾಗ ಚೀಲದಲ್ಲಿ ಒಂದು ಲೋಟವಿರಲಿ. ಮೇ ತಿಂಗಳ ಯಾತ್ರೆಯನ್ನು ಮಳೆ ಬಿದ್ದ ಮೇಲಕ್ಕೆ ಇಟ್ಟುಕೊಂಡರೂ ದೇವರು ಬೇಸರಿಸನು.

ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಬರುತ್ತದೆ. ಅಂದು ಹತ್ತು ಹನಿಯಾದರೂ ಬೀಳಲೇಬೇಕೆಂಬುದು ತುಳುವರ ನಂಬಿಕೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂಗಳದ ಚಪ್ಪರದ ಸೋಗೆ ಇಳಿಯುತ್ತದೆ, ಪುನರ್ಪುಳಿಯ ಸಿಪ್ಪೆ ಒಳಗೆ ಸೇರುತ್ತದೆ. ಆಮೇಲೊಂದು ದಿನ ಘಟ್ಟದ ಕಡೆ ಕಪ್ಪಾಗಿ, ಇರುಳಿಡೀ ಸುರಿದು, ಬೆಳಗಾಗುವಾಗ ತೋಡಿನ ಕಟ್ಟ ಕೊಚ್ಚಿಕೊಂಡು ಹೋಗಿರುತ್ತದೆ. ಅದರ ಕಲ್ಲುಗಳನ್ನು ಆಯ್ದು ದಡದಲ್ಲಿ ಒಟ್ಟಿಡುವ ಒಂದಿಬ್ಬರು ಮುದುಕರು ಈಗಲೂ ಕಾಣಸಿಗುತ್ತಾರೆ.