ಸೋತದ್ದಕ್ಕೆ ಓಡಲು ದಾರಿ ಬೇಕು

ಕೊಪ್ಪಳದ ಮನೆಯಾಗಲಿ, ಯಲಬುರ್ಗಾದ ಮನೆಯಾಗಲಿ, ಸಂಜೆ ಟ್ಯೂಬ್‌ಲೈಟ್ ಹೊತ್ತಿಕೊಂಡರೆ ಸಾಕು, ಅದರ ಪಕ್ಕ ಹಲ್ಲಿ ಹಾಜರು. ಇನ್ನೊಂದು ಹಲ್ಲಿ ಅತ್ತ ಸುಳಿದರೆ ಮೊದಲನೆಯದು ಲೊಚಗುಟ್ಟುತ್ತ ಅಟ್ಟಿಸಿಕೊಂಡು ಹೋಗುತ್ತದೆ. ಬಂದದ್ದು ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿತೆಂದರೆ ಜಗಳ ಮುಗಿಯಿತು. ಹುಳುವಿಗಾಗಿ, ಜಾಗಕ್ಕಾಗಿ, ಹೆಣ್ಣಿಗಾಗಿ ನಡೆಯುವ ಈ ಕಾದಾಟದಲ್ಲಿ ಒಮ್ಮೊಮ್ಮೆ ಬಾಲ ಕಳಚುವುದುಂಟು. ಅದು ಮತ್ತೆ ಬೆಳೆಯುತ್ತದೆ.

ಗಂಗಾವತಿಯಿಂದ ಆನೆಗೊಂದಿಯ ಕಡೆ ಹೋದರೆ ಇಂಥದೇ ಜಗಳ ಹಾಡಹಗಲೇ ಬಂಡೆಗಳ ಮೇಲೆ ನಡೆಯುತ್ತದೆ. ಅಲ್ಲಿರುವುದು ಬಂಡೆ ಓತಿಕ್ಯಾತ. ಗಂಡು ಎತ್ತರದ ಕಲ್ಲೇರಿ, ಗರಡಿಯಲ್ಲಿ ದಂಡ ಹೊಡೆಯುವವರ ಹಾಗೆ ಮೈಯನ್ನು ಮೇಲೆ ಕೆಳಗೆ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬತಬ್ಯಾಲ್ ಮತ್ತು ಮರಿಯಾ ಥಾಕರ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಣ್ಣದ ಗುಟ್ಟನ್ನು ಬಿಡಿಸಿತು. ಹೆಣ್ಣಿನ ಎದುರು ಗಂಡಿನ ಬೆನ್ನು ಕೆಂಪು, ಪಕ್ಕೆ ಕಪ್ಪು. ಎದುರಾಳಿ ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬಣ್ಣ ನೋಡಿಯೇ ಒಂದು ಹಿಂದೆ ಸರಿದರೆ ಕಚ್ಚಾಟವೇ ಬೇಕಿಲ್ಲ.

ಇಂಥ ಎರಡು ಗಂಡುಗಳನ್ನು ಹುಡುಗನೊಬ್ಬ ರಟ್ಟಿನ ಡಬ್ಬಿಗೆ ಹಾಕಿದನೆನ್ನಿ. ಸೋತದ್ದು ಓಡುವುದೆಲ್ಲಿಗೆ? ಅದು ಕಣ್ಣೆದುರೇ ಇರುವುದರಿಂದ ಗೆದ್ದದ್ದಕ್ಕೆ ಜಗಳ ಮುಗಿದಂತೆಯೇ ಅಲ್ಲ. ಮತ್ತೆ ಮತ್ತೆ ಮೇಲೆ ಬೀಳುತ್ತದೆ.

ಹಗಲು ಹಲ್ಲಿಗಳನ್ನು ಸಾಕುವ ವಿದೇಶಿಯರು ಈ ಪಾಠವನ್ನು ಕಲಿತೇ ಮುಂದುವರಿದರು. ಮಡಗಾಸ್ಕರ್, ಮಾರಿಷಸ್‌ಗಳಲ್ಲದೆ ನಮ್ಮ ಅಂಡಮಾನಿನಲ್ಲೂ ಇರುವ ಈ ಹಚ್ಚಹಸಿರು ಹಲ್ಲಿಗಳು ಹಗಲಿನಲ್ಲಿ ಓಡಾಡುತ್ತವೆ. ಎರಡು ಗಂಡುಗಳನ್ನು ಒಂದೇ ಗೂಡಿನಲ್ಲಿ ಇಡುವಂತಿಲ್ಲ. ಗಂಡು ಹೆಣ್ಣು ಜೋಡಿಯೂ ಕೆಲವೊಮ್ಮೆ ಹೊಂದುವುದಿಲ್ಲ. ತೆಳ್ಳನೆಯ ಚರ್ಮ ಕಚ್ಚಿದರೆ ಕಿತ್ತುಬರುತ್ತದೆ. ಆದ್ದರಿಂದ ಬಲ್ಲವರು ಮೊದಲು ನಡುವೆ ಜಾಲರಿ ಇಟ್ಟು ಎರಡನ್ನೂ ಪರಿಚಯಿಸುತ್ತಾರೆ. ಗೂಡು ದೊಡ್ಡದಿರಬೇಕು. ಬಿಸಿಲು ಕಾಯಲು ಎರಡು ಕಡೆ ಜಾಗ, ಒಂದನ್ನೊಂದು ಕಾಣದಂತೆ ಮರೆಯಾಗಲು ದಟ್ಟ ಎಲೆಗಳು ಬೇಕು. ಕಚ್ಚಿದ ಗುರುತು ಕಂಡರೆ ಬೇರೆ ಗೂಡಿಗೆ ಸಾಗಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಕೆಲವು ಜೋಡಿಗಳನ್ನು ಬೇರೆಯಾಗಿಯೇ ಇಡಬೇಕಾಗುತ್ತದೆ. ಕಾಡಿನಲ್ಲಿ ಒಂದು ಬಿರುಕು, ಒಂದು ಎಲೆ ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಗೂಡಿನಲ್ಲಿ ಮನುಷ್ಯ ಹಗಲಿರುಳು ಮಾಡಬೇಕು.

ಓತಿಕ್ಯಾತ ಕಂಡರೆ ಕಲ್ಲೆತ್ತುವ, ಹಿಡಿದು ದಾರ ಕಟ್ಟುವ ಹುಡುಗರು ಊರೂರಿನಲ್ಲಿದ್ದಾರೆ. ಬೈದರೆ ಅವರು ಮರೆಯಲ್ಲಿ ಅದನ್ನೇ ಮಾಡುತ್ತಾರೆ. ಅದರ ಬದಲು ತಂದೆತಾಯಿ ಕೈಗೊಂದು ನೋಟುಬುಕ್ಕು ಕೊಡಲಿ. ಹಿಡಿಯುವುದು ಬೇಡ, ಮುಟ್ಟುವುದು ಬೇಡ. ಕುಷ್ಟಗಿಯ ಹೊಲದಂಚಿನ ಬೇಲಿಯಾದರೂ ಸರಿ, ಅಡುಗೆಮನೆಯ ಗೋಡೆಯಾದರೂ ಸರಿ, ದಿನಾ ಕಾಲು ಗಂಟೆ ಕುಳಿತು ಬರೆಯಲಿ: ಎಷ್ಟು ಹೊತ್ತಿಗೆ ಬಂತು, ಯಾವುದು ಅಟ್ಟಿತು, ಯಾವುದು ಓಡಿತು, ಎಲ್ಲಿ ಅಡಗಿತು, ಮತ್ತೆ ಯಾವಾಗ ತಲೆ ಹೊರಹಾಕಿತು. ಬಾಲ ತುಂಡಾದದ್ದು, ಮೈಮೇಲೆ ಕಲೆಯಿದ್ದದ್ದು ಎಂದು ಗುರುತಿಟ್ಟುಕೊಂಡರೆ ಒಂದೊಂದೂ ಪರಿಚಯವಾಗುತ್ತದೆ.

ತಿಂಗಳೊಪ್ಪತ್ತಿನಲ್ಲಿ ಯಾವ ಗೋಡೆ ಯಾವುದರದೆಂದು ಹುಡುಗನೇ ಹೇಳುತ್ತಾನೆ. ಸೋತ ಹಲ್ಲಿ ಅಡಗುವ ಕ್ಯಾಲೆಂಡರನ್ನು ತೆಗೆಯಬೇಡಿ ಎಂದು ಅಮ್ಮನಿಗೆ ಹೇಳುವವನೂ ಅವನೇ.